ನುಡಿಸಲೂ ಬೇಕು, ನೋಡಲೂ ಬೇಕು: ಅಕೌಸ್ಟಿಕ್ ಗಿಟಾರ್ ಮೇಲೆ ಚಿತ್ರ ಬರೆಯುವ ಕ್ರಮ

ಗೋಡೆಗೆ ತೂಗುಹಾಕಲಷ್ಟೇ ಗಿಟಾರ್ ಬೇಕಿದ್ದರೆ ಈ ಲೇಖನ ಓದಬೇಕಾಗಿಲ್ಲ. ಹಳೆಯದೊಂದನ್ನು ತಂದು, ಕಿಟಕಿಗೆ ಬಳಿದು ಉಳಿದ ಎನಾಮೆಲ್ ಬಣ್ಣವನ್ನು ಮೆತ್ತಿದರೂ ನಡೆಯುತ್ತದೆ. ತೊಡಕು ಶುರುವಾಗುವುದು ಅದನ್ನು ನುಡಿಸಲೂ ಬೇಕು ಎಂದಾಗ. ಎಲೆಕ್ಟ್ರಿಕ್ ಗಿಟಾರಿನಲ್ಲಿ ತಂತಿಯ ಕಂಪನವನ್ನು ಹಿಡಿಯುವುದು ಪಿಕಪ್; ಮರದ ಮೇಲೆ ಏನೇ ಬಳಿದರೂ ಕಿವಿಗೆ ಬೀಳುವ ವ್ಯತ್ಯಾಸ ಅತ್ಯಲ್ಪ. ಅಕೌಸ್ಟಿಕ್ ಗಿಟಾರಿನಲ್ಲಿ ಹಾಗಲ್ಲ. ಅದರ ಮುಂಭಾಗದ ಹಲಗೆಯೇ ಅದುರಿ ಗಾಳಿಯನ್ನು ಅಲುಗಿಸಬೇಕು.

ಆ ಹಲಗೆಯ ದಪ್ಪ ಸುಮಾರು 3 ಮಿಲಿಮೀಟರ್. ಸಾಮಾನ್ಯ ‘ಲೈಟ್’ ಉಕ್ಕಿನ ತಂತಿಗಳನ್ನು ಶ್ರುತಿಗೆ ಬಿಗಿದಾಗ ಅವುಗಳ ಒಟ್ಟು ಎಳೆತ ಸುಮಾರು 70 ಕಿಲೋ. ಇಷ್ಟು ಭಾರಕ್ಕೆ ಮುರಿಯಲೂ ಬಾರದು, ಬೆರಳು ಮೀಟಿದರೆ ಅದುರಲೂ ಬೇಕು. ಒಳ್ಳೆಯ ತಯಾರಕರು ಇದರ ಮೇಲೆ ಬಳಿಯುವ ಮೆರುಗಿನ ಪದರ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು, ಅಂದರೆ ಜೆರಾಕ್ಸ್ ಅಂಗಡಿಯ ಒಂದು ಹಾಳೆಯ ದಪ್ಪ. ನಾವು ಚಿತ್ರ ಬರೆಯುವಾಗಲೂ ಇದೇ ಅಳತೆ ಮನಸ್ಸಿನಲ್ಲಿರಲಿ. ಮುಂದೆ ಹೇಳುವುದೆಲ್ಲ ಈ ಹಾಳೆಯ ದಪ್ಪದೊಳಗೆ ಉಳಿಯುವ ಉಪಾಯಗಳೇ.

ಎಲ್ಲಿ ಧಾರಾಳ, ಎಲ್ಲಿ ಜಿಪುಣತನ

1862ರಲ್ಲಿ ಸ್ಪೇನಿನ ಆಂಟೋನಿಯೊ ಡಿ ಟೊರೆಸ್ ಒಂದು ವಿಚಿತ್ರ ಗಿಟಾರ್ ಮಾಡಿದರು. ಮೇಲ್ಹಲಗೆ, ಅಂದರೆ ಮುಂಭಾಗದ ಹಲಗೆ, ಮಾತ್ರ ಮರದ್ದು. ಹಿಂಬದಿ ಮತ್ತು ಪಕ್ಕೆಗಳು ರಟ್ಟಿನವು. ಗಿಟಾರಿನ ನಾದ ಮುಖ್ಯವಾಗಿ ಮೇಲ್ಹಲಗೆಯಿಂದಲೇ ಹುಟ್ಟುತ್ತದೆ ಎಂದು ತೋರಿಸುವುದು ಅವರ ಉದ್ದೇಶ. ಆ ವಾದ್ಯ ಈಗ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಇಂದಿನ ಕ್ಲಾಸಿಕಲ್ ಗಿಟಾರಿನ ರೂಪ ಬಹುಪಾಲು ಟೊರೆಸ್ ಕೊಟ್ಟದ್ದೇ ಆದ್ದರಿಂದ ಅವರ ಮಾತನ್ನು ನಂಬಬಹುದು. ಚಿತ್ರಕಾರರಿಗೆ ಇದರಲ್ಲೊಂದು ಸಿಹಿ ಸುದ್ದಿಯಿದೆ: ಹಿಂಬದಿ ಮತ್ತು ಪಕ್ಕೆಗಳ ಮೇಲೆ ನೀವು ಮನಸೋ ಇಚ್ಛೆ ಬರೆಯಬಹುದು. ಅಲ್ಲಿ ಒಂದೆರಡು ಪದರ ಹೆಚ್ಚಾದರೂ ನಾದಕ್ಕೆ ಹೇಳಿಕೊಳ್ಳುವಂಥ ಕುತ್ತಿಲ್ಲ.

ಮೇಲ್ಹಲಗೆಯಲ್ಲೂ ಎಲ್ಲ ಜಾಗ ಒಂದೇ ಅಲ್ಲ. ಕೆಳಗಿನ ದೊಡ್ಡ ಉಬ್ಬು, ಅದರಲ್ಲೂ ಬ್ರಿಡ್ಜಿನ (ತಂತಿಗಳ ಬುಡ ಹಿಡಿದಿರುವ ಪಟ್ಟಿ) ಸುತ್ತಲಿನ ಜಾಗ ಅತಿ ಹೆಚ್ಚು ಅದುರುತ್ತದೆ. ಅಂಚಿನ ಪಟ್ಟಿ, ನೆಕ್ (ಗಿಟಾರಿನ ಉದ್ದನೆಯ ಕತ್ತು) ಕೂಡುವ ಮೇಲಿನ ಭುಜ, ಸೌಂಡ್‌ಹೋಲಿನ (ನಡುವಿನ ದುಂಡು ರಂಧ್ರ) ಮೇಲ್ಭಾಗ ಹೋಲಿಕೆಯಲ್ಲಿ ಸುಮ್ಮನಿರುತ್ತವೆ. ಆದ್ದರಿಂದ ಚಿತ್ರದ ತೂಕವೆಲ್ಲ ಭುಜದ ಮೇಲೆ ಮತ್ತು ಅಂಚಿನಲ್ಲಿ ಬರಲಿ. ಬ್ರಿಡ್ಜಿನ ಕಡೆಗೆ ಬರುತ್ತಾ ತೆಳುವಾಗಲಿ. ನೆಕ್ಕಿನ ತುದಿಯಲ್ಲಿ ಕೀಗಳಿರುವ ಹೆಡ್‌ಸ್ಟಾಕಿನ ಮುಖದ ಮೇಲೆ ಏನು ಬೇಕಾದರೂ ಬರೆಯಿರಿ. ಫ್ರೆಟ್‌ಬೋರ್ಡ್ (ಬೆರಳು ಒತ್ತುವ ಹಲಗೆ), ಬ್ರಿಡ್ಜ್, ನೆಕ್ಕಿನ ಹಿಂಭಾಗ ಈ ಮೂರನ್ನು ಮುಟ್ಟಬೇಡಿ. ನೆಕ್ಕಿನ ಹಿಂಭಾಗದ ಬಣ್ಣ ಹೆಬ್ಬೆರಳಿನ ಬೆವರಿಗೆ ಅಂಟಂಟಾಗಿ, ಕೈ ಜಾರಿಸುವುದೇ ಕಷ್ಟವಾಗುತ್ತದೆ.

ಇದನ್ನು ನಾನೂರು ವರ್ಷಗಳ ಹಿಂದೆಯೇ ಅರಿತಿದ್ದವರಿದ್ದಾರೆ. ಹದಿನಾರು, ಹದಿನೇಳನೆಯ ಶತಮಾನದಲ್ಲಿ ಇಂದಿನ ಬೆಲ್ಜಿಯಂನ ಆಂಟ್‌ವರ್ಪಿನ ರುಕರ್ಸ್ ಮನೆತನದವರು ಮಾಡಿದ ಹಾರ್ಪ್ಸಿಕಾರ್ಡ್‌ಗಳ (ಪಿಯಾನೊದಂಥ ಹಳೆಯ ತಂತಿವಾದ್ಯ) ಮುಚ್ಚಳ ತೆರೆದರೆ ನಾದಫಲಕದ ಮೇಲೆಲ್ಲ ಹೂವು, ಹಕ್ಕಿ, ಕಂಬಳಿಹುಳು, ಪತಂಗ, ಕೊನೆಗೆ ಸೀಗಡಿ ಕೂಡ ಕಾಣಿಸುತ್ತದೆ. ನೀರಿನಲ್ಲಿ ಕಲಸಿದ ತೆಳುಬಣ್ಣ. ಒಂದೊಂದು ಹೂವಿನ ನಡುವೆ ಧಾರಾಳವಾಗಿ ಬಿಟ್ಟ ಬರಿಯ ಮರ. ಮೇಲ್ಹಲಗೆಗೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ತಿಳಿದಿಲ್ಲ.

ಜಾನ್ ಲೆನನ್ ಅವರ ಗಿಬ್ಸನ್ ಜೆ-160ಇ ಗಿಟಾರ್ ಎರಡೂ ದಾರಿ ಹಿಡಿದದ್ದು. 1967ರಲ್ಲಿ ಅದರ ಮೈತುಂಬ ಆ ಕಾಲದ ಸೈಕೆಡೆಲಿಕ್ ಬಣ್ಣಗಳು ಬಂದವು. ಆಮೇಲೆ ಅದನ್ನೆಲ್ಲ ಕೆರೆಸಿ ತೆಗೆಸಲಾಯಿತು. 1969ರಲ್ಲಿ ಮಾಂಟ್ರಿಯಲ್ ಹೋಟೆಲಿನ ಹಾಸಿಗೆಯ ಮೇಲೆ ಕುಳಿತು ಅವರು ನುಡಿಸುತ್ತಿರುವ ಫೋಟೊಗಳಲ್ಲಿ ಅದೇ ಗಿಟಾರ್ ಬರಿಯ ಮರದ ಬಣ್ಣದಲ್ಲಿದೆ. ಮೇಲೆ ಅವರದೂ ಪತ್ನಿ ಯೋಕೊ ಅವರದೂ ಮುಖಗಳು, ಬರೀ ಗೆರೆಗಳಲ್ಲಿ. ನನಗೆ ಎರಡನೆಯದೇ ಹೆಚ್ಚು ಇಷ್ಟ.

ಯಾವ ಗಿಟಾರ್ ಆರಿಸಬೇಕು

ಮೊದಲ ಪ್ರಯತ್ನಕ್ಕೆ ಪ್ಲೈ ಹಲಗೆಯ ಅಗ್ಗದ ಗಿಟಾರೇ ಸರಿ. ಸಾಲಿಡ್ ಟಾಪ್ ಗಿಟಾರ್, ಅಂದರೆ ಮೇಲ್ಹಲಗೆ ಪ್ಲೈ ಅಲ್ಲದ ಗಟ್ಟಿ ಮರದ್ದು, ಹಳೆಯದಾದಷ್ಟೂ ಹದವಾಗುತ್ತದೆ, ಬೆಲೆಯೂ ಹೆಚ್ಚು; ಅದರ ಮೇಲೆ ಕೈ ಪಳಗಿಸುವುದು ಬೇಡ. ಎರಡನ್ನೂ ಗುರುತಿಸುವುದು ಸುಲಭ. ಸೌಂಡ್‌ಹೋಲಿನ ಅಂಚನ್ನು ಟಾರ್ಚ್ ಹಿಡಿದು ನೋಡಿ. ಮೇಲೆ ಕಾಣುವ ಮರದ ಎಳೆಗಳು ಅಂಚಿನಲ್ಲೂ ನೇರ ಕೆಳಗಿಳಿದಿದ್ದರೆ ಅದು ಒಂದೇ ಮರದ ಹಲಗೆ. ಎಳೆಗಳು ಅಲ್ಲೇ ನಿಂತು, ಕೆಳಗೆ ಅಡ್ಡಪದರ ಕಂಡರೆ ಪ್ಲೈ. ಅಂಗಡಿಯವರ ಬಾಯಿಮಾತಿಗಿಂತ ಈ ಅಂಚು ಹೆಚ್ಚು ಪ್ರಾಮಾಣಿಕ.

ಬಣ್ಣದ ಯೋಚನೆಗೆ ಮೊದಲು ನುಡಿಸಿ ನೋಡಿ. ಹನ್ನೆರಡನೆಯ ಫ್ರೆಟ್ಟಿನ (ಫ್ರೆಟ್‌ಬೋರ್ಡಿನ ಲೋಹದ ಅಡ್ಡಪಟ್ಟಿ) ಮೇಲೆ ದಪ್ಪ ತಂತಿಯ ಎತ್ತರ ಸುಮಾರು 2.5 ಮಿಲಿಮೀಟರ್, ತೆಳು ತಂತಿಯದು ಸುಮಾರು 2 ಇದ್ದರೆ ಆಕ್ಷನ್, ಅಂದರೆ ತಂತಿಗಳ ಎತ್ತರ, ಹದವಾಗಿದೆ. ನೆಕ್ ಬಾಗಿದ್ದರೆ, ಬ್ರಿಡ್ಜಿನ ಹಿಂಬದಿಯ ಅಂಚು ಎದ್ದು ಕಾಗದದ ತುದಿ ಒಳಗೆ ತೂರುವಂತಿದ್ದರೆ, ಮೊದಲು ರಿಪೇರಿ. ಕೆಟ್ಟ ಗಿಟಾರಿಗೆ ಚಿತ್ರ ಬರೆದರೆ ಚಿತ್ರವಿರುವ ಕೆಟ್ಟ ಗಿಟಾರ್ ಸಿಗುತ್ತದೆ, ಅಷ್ಟೇ. ಅಜ್ಜನೋ ಚಿಕ್ಕಪ್ಪನೋ ನುಡಿಸುತ್ತಿದ್ದ ಹಳೆಯ ವಾದ್ಯವಿದ್ದರೆ ಅದನ್ನು ಬಿಟ್ಟುಬಿಡಿ. ಇನ್ನೂ ವಾರಂಟಿ ಇರುವ ಗಿಟಾರಾದರೆ, ಉಪ್ಪುಕಾಗದ ಮುಟ್ಟಿಸಿದ ಕ್ಷಣದಿಂದ ಅದನ್ನು ಮರೆತುಬಿಡುವುದು ಒಳ್ಳೆಯದು.

ಈಗ ಎರಡು ಕೆಲಸ. ಮನೆಯ ಸದ್ದಿಲ್ಲದ ಕೋಣೆಯಲ್ಲಿ, ಹೊಸ ತಂತಿ ಹಾಕಿ, ಮೊಬೈಲನ್ನು ಒಂದು ಮೀಟರ್ ದೂರದಲ್ಲಿಟ್ಟು ನಿಮಗೆ ಚೆನ್ನಾಗಿ ಬರುವ ಎರಡು ನಿಮಿಷದ ಏನಾದರೂ ನುಡಿಸಿ ದಾಖಲಿಸಿಕೊಳ್ಳಿ. ಪ್ರತಿ ತಂತಿಯನ್ನೂ ಒಂದೊಂದೇ ಮೀಟಿ, ನಾದ ಆರುವವರೆಗೆ ಬಿಡಿ. ಬಳಿಕ ತಂತಿ ಬಿಚ್ಚಿ ಗಿಟಾರನ್ನು ತೂಗಿ, ಅಂಕಿ ಬರೆದಿಡಿ. ಬಣ್ಣ ಎಷ್ಟು ಹೆಚ್ಚಾಯಿತು ಎಂದು ಕೊನೆಯಲ್ಲಿ ನಿಜ ಹೇಳುವುದು ಈ ಎರಡೇ.

ಚಿತ್ರದ ತಲೆ ಯಾವ ಕಡೆ?

ಬಹಳ ಜನ ಎಡವುವುದು ಇಲ್ಲಿ. ಮೇಜಿನ ಮೇಲೆ ಗಿಟಾರನ್ನು ನೆಕ್ ಮೇಲಾಗಿ ಇಟ್ಟುಕೊಂಡು ನವಿಲನ್ನೋ ಮುಖವನ್ನೋ ನೆಟ್ಟಗೆ ಬರೆಯುತ್ತಾರೆ. ಬಲಗೈಯಲ್ಲಿ ನುಡಿಸುವವರು ಅದನ್ನು ತೊಡೆಯ ಮೇಲಿಟ್ಟುಕೊಂಡರೆ, ಎದುರು ಕುಳಿತವರಿಗೆ ನೆಕ್ ಬಲಕ್ಕೆ ಚಾಚಿರುತ್ತದೆ. ನವಿಲು ಬಲಕ್ಕೆ ಮಗುಚಿ ಮಲಗಿರುತ್ತದೆ. ಅಲ್ಲದೆ ಗಿಟಾರನ್ನು ನೆಟ್ಟಗೆ ನಿಲ್ಲಿಸಿ ನೋಡಿದಾಗ ಕೆಳಗಿನ ಉಬ್ಬಿನ ಎಡಭಾಗವಿದೆಯಲ್ಲ, ನುಡಿಸುವಾಗ ಅದರ ಮೇಲೆ ಮುಂಗೈ ಒರಗಿರುತ್ತದೆ. ಅಲ್ಲಿ ಬರೆದ ಕಣ್ಣು, ಹೂವು ಯಾವುದೂ ಸಭೆಗೆ ಕಾಣಿಸದು. ಬೆವರು, ಉಜ್ಜಾಟ ಮಾತ್ರ ಅದರ ಪಾಲು. ಸೌಂಡ್‌ಹೋಲಿನ ಬಲಕ್ಕೆ, ಪಿಕ್‌ಗಾರ್ಡ್ (ಗೀರು ತಡೆಯುವ ಪಟ್ಟಿ) ಇರುವಲ್ಲಿ, ತಂತಿ ಮೀಟುವ ಪಿಕ್ಕಿನ ಗೀರು ಬೀಳುತ್ತದೆ.

ಹಾಗಾಗಿ ಮೇಲು ಕೆಳಗು ಇಲ್ಲದ ವಿಷಯವೇ ವಾಸಿ: ಬಳ್ಳಿ, ಮೀನಿನ ಹಿಂಡು, ಅಲೆ, ಹಾರುವ ಹಕ್ಕಿಗಳು, ಸುತ್ತು ಸುತ್ತಾದ ವಿನ್ಯಾಸ. ಮಲೆನಾಡಿನ ಹಸೆ ಚಿತ್ತಾರದ ಗೆರೆಗಳು, ಕಸೂತಿಯ ಎಳೆಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ, ಏಕೆಂದರೆ ಅವು ಗೆರೆಯಲ್ಲೇ ನಿಲ್ಲುತ್ತವೆ, ಹಿನ್ನೆಲೆ ತುಂಬಬೇಕೆಂದು ಹಟ ಹಿಡಿಯುವುದಿಲ್ಲ. ಮುಖಚಿತ್ರವೋ ದೇವರ ಪಟವೋ ಬೇಕೇ ಬೇಕೆಂದರೆ ಹಿಂಬದಿಗೆ ಬರೆಯಿರಿ. ಅಲ್ಲಿ ಬ್ರಿಡ್ಜೂ ಇಲ್ಲ, ರಂಧ್ರವೂ ಇಲ್ಲ. ಒಂದು ಎಚ್ಚರಿಕೆ: ಹಿಂಬದಿಯ ನಡುಭಾಗ ಹೊಟ್ಟೆಗೆ ತಾಗಿರುತ್ತದೆ. ಅಂಗಿಯ ಗುಂಡಿ, ಬೆಲ್ಟಿನ ಕೊಕ್ಕೆ ಅಲ್ಲೇ ಉಜ್ಜುತ್ತವೆ. ದೇವರ ಮೂಗು ಅಲ್ಲಿ ಬೀಳದಂತೆ ನೋಡಿಕೊಳ್ಳಿ.

ಬಟರ್ ಪೇಪರ್ ಹಾಸಿ ಗಿಟಾರಿನ ಅಂಚು, ಸೌಂಡ್‌ಹೋಲ್, ಬ್ರಿಡ್ಜುಗಳನ್ನು ಪೆನ್ಸಿಲ್ಲಿನಲ್ಲಿ ತೆಗೆದುಕೊಂಡು, ಚಿತ್ರವನ್ನು ಅದರ ಮೇಲೆಯೇ ಪೂರ್ತಿ ಮುಗಿಸಿ. ಕಾಗದವನ್ನು ಗಿಟಾರಿಗೆ ಟೇಪಿನಿಂದ ಅಂಟಿಸಿ, ತೊಡೆಯ ಮೇಲಿಟ್ಟುಕೊಂಡು ಕನ್ನಡಿಯಲ್ಲಿ ನೋಡಿ. ತಿದ್ದುವುದಿದ್ದರೆ ಈಗಲೇ.

ಬಿಚ್ಚುವುದು, ಮುಚ್ಚುವುದು, ಉಜ್ಜುವುದು

ತಂತಿಗಳನ್ನು ಒಂದೊಂದಾಗಿ ಪೂರ್ತಿ ಬಿಚ್ಚದೆ, ಆರನ್ನೂ ಸ್ವಲ್ಪ ಸ್ವಲ್ಪ ಸಡಿಲಿಸುತ್ತಾ ಬನ್ನಿ. ಬ್ರಿಡ್ಜ್ ಪಿನ್ನು, ಸ್ಯಾಡಲ್ (ಬ್ರಿಡ್ಜಿನಲ್ಲಿ ತಂತಿಗಳು ಕೂರುವ ಸಣ್ಣ ಪಟ್ಟಿ), ಟ್ಯೂನಿಂಗ್ ಕೀಗಳ ಸ್ಕ್ರೂ ಇವನ್ನೆಲ್ಲ ಬೇರೆ ಬೇರೆ ಚಿಕ್ಕ ಚೀಲಗಳಲ್ಲಿ ಹಾಕಿ ಹೆಸರು ಬರೆಯಿರಿ. ಸ್ಯಾಡಲ್ ಯಾವ ಕಡೆ ಎತ್ತರವಿತ್ತು ಎಂದು ಫೋಟೊ ತೆಗೆದಿಡಿ. ತಿರುಗಿಸಿ ಹಾಕಿದರೆ ಆಕ್ಷನ್ ಎಲ್ಲ ತಲೆಕೆಳಗು. ಪ್ರಿಆಂಪ್ (ನಾದವನ್ನು ಸ್ಪೀಕರಿಗೆ ಕಳಿಸಲು ಸಜ್ಜುಗೊಳಿಸುವ ಒಳಗಿನ ವಿದ್ಯುತ್ ಸಾಧನ) ಇರುವ ಗಿಟಾರಾದರೆ ಬ್ಯಾಟರಿ ಹೊರಗಿರಲಿ. ಬ್ರಿಡ್ಜನ್ನು ಮಾತ್ರ ಕೀಳಲು ಹೋಗಬೇಡಿ, ಅದು ಅಂಟಿನಿಂದ ಕೂತದ್ದು.

ಸೌಂಡ್‌ಹೋಲಿಗೆ ಅದೇ ಅಳತೆಯ ಸ್ಪಂಜಿನ ಬಿಲ್ಲೆ ಕತ್ತರಿಸಿ ತುರುಕಿ. ಬಣ್ಣದ ತುಂತುರಾಗಲಿ ಉಜ್ಜಿದ ಪುಡಿಯಾಗಲಿ ಒಳಗಿನ ಬರಿಯ ಮರಕ್ಕೆ ಹೋಗಬಾರದು. ಫ್ರೆಟ್‌ಬೋರ್ಡ್, ಬ್ರಿಡ್ಜುಗಳನ್ನು ಕಡಿಮೆ ಅಂಟಿನ ಮಾಸ್ಕಿಂಗ್ ಟೇಪಿನಿಂದ ಮುಚ್ಚಿ. ಬ್ರಿಡ್ಜಿನ ಸುತ್ತ ಟೇಪ್ ಕೂಡಿಸುವಾಗ ಅವಸರ ಬೇಡ. ಟೇಪಿನ ಅಂಚನ್ನು ಬ್ರಿಡ್ಜಿನ ಬುಡಕ್ಕೆ ಉಗುರಿನಿಂದ ಒತ್ತಿ, ಅಲ್ಲಿಂದ ಹೊರಕ್ಕೆ ಮೇಲ್ಹಲಗೆಯ ಮೇಲೂ ಒಂದೆರಡು ಮಿಲಿಮೀಟರ್ ಬರುವಂತೆ ಮಾಡಿ. ಬಣ್ಣ ಬ್ರಿಡ್ಜಿನ ಬುಡದಲ್ಲಿ ಗೆರೆ ಕಟ್ಟಿ ನಿಂತರೆ, ಮುಂದೆಂದಾದರೂ ಬ್ರಿಡ್ಜ್ ಎಬ್ಬಿಸಿ ಅಂಟಿಸಬೇಕಾಗಿ ಬಂದಾಗ ಚಿತ್ರದ ಚೂರುಗಳೂ ಅದರೊಡನೆ ಕಿತ್ತುಬರುತ್ತವೆ. ಆ ಸಣ್ಣ ಅಂತರ ಬಿಟ್ಟರೆ ಆ ಗಂಡಾಂತರವಿಲ್ಲ. ದೂರದಿಂದ ನೋಡುವವರಿಗೆ ಅದು ಕಾಣುವುದೂ ಇಲ್ಲ.

ಮೂಲ ಮೆರುಗನ್ನು ಪೂರ್ತಿ ಕೆರೆದು ಮರದವರೆಗೆ ಹೋಗಬೇಕೇ? ಬೇಡ. ಅಗ್ಗದ ಗಿಟಾರುಗಳ ಪಾಲಿಯುರೇಥೇನ್ ಮೆರುಗು ಗಟ್ಟಿ ಅಡಿಪಾಯ. ಪ್ಲೈ ಹಲಗೆಯ ಮೇಲಿನ ಮರದ ಪೊರೆಯಂತೂ ಎಷ್ಟು ತೆಳುವೆಂದರೆ, ಹುಮ್ಮಸ್ಸಿನಲ್ಲಿ ನಾಲ್ಕು ಸಲ ಹೆಚ್ಚು ಉಜ್ಜಿದರೆ ಕೆಳಗಿನ ಅಡ್ಡಪದರ ಬಾಯಿ ಬಿಡುತ್ತದೆ. ಮೊದಲು ಹಳೆಯ ಪಾಲಿಶ್, ಎಣ್ಣೆ, ಬೆವರಿನ ಜಿಡ್ಡನ್ನು ಒದ್ದೆ ಬಟ್ಟೆಗೆ ಎರಡು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ ಒರೆಸಿ, ಒಣಗಿಸಿ. ಬಳಿಕ 400ರಿಂದ 600 ನಂಬರಿನ ಉಪ್ಪುಕಾಗದದಿಂದ ಹೊಳಪು ಹೋಗಿ ಮಂಕಾಗುವಷ್ಟು ಮಾತ್ರ ಉಜ್ಜಿ. ಚಿತ್ರ ಬರುವ ಜಾಗಕ್ಕಿಂತ ಸ್ವಲ್ಪ ಹೊರಗಿನವರೆಗೆ ಉಜ್ಜಿದರೆ ಸಾಕು. ಮುಖಕ್ಕೆ ಮಾಸ್ಕ್ ಇರಲಿ.

ಮೆರುಗು ಹಾಕದ ಬರಿಯ ಮರದ ಗಿಟಾರ್ ಸಿಕ್ಕಿದರೆ ಕ್ರಮ ಬೇರೆ. ನೀರಿನ ಬಣ್ಣ ನೇರ ಬಿದ್ದರೆ ಸ್ಪ್ರೂಸ್ ಮರದ ಎಳೆಗಳು ಉಬ್ಬುತ್ತವೆ, ಬಣ್ಣ ಎಳೆಯುದ್ದಕ್ಕೂ ಹರಡುತ್ತದೆ. ಮೊದಲು ಅರಗಿನ ಪದರ ಕೊಡಿ. ಮೇಣ ತೆಗೆದ ಅರಗಿನ ಚಕ್ಕೆಗಳನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ತೆಳುವಾಗಿ ಎರಡು ಮೂರು ಸಲ ಸವರಿದರೆ ಸಾಕು. ಚನ್ನಪಟ್ಟಣದ ಗೊಂಬೆಗಳಿಗೆ ಮೈಬಣ್ಣ ಕೊಡುವುದೂ, ಉತ್ತಮ ಕ್ಲಾಸಿಕಲ್ ಗಿಟಾರುಗಳ ಫ್ರೆಂಚ್ ಪಾಲಿಶ್ ಆಗುವುದೂ ಇದೇ ಅರಗು. ಗಿಟಾರ್ ತಯಾರಕರು ಇದನ್ನು ಇಂದಿಗೂ ಬಿಡದಿರುವುದಕ್ಕೆ ಕಾರಣ, ಇಷ್ಟು ತೆಳುವಾಗಿ ನಿಲ್ಲುವ ಮೆರುಗು ಬೇರೊಂದಿಲ್ಲ.

ಬಣ್ಣ

ಚಿತ್ರಕಾರರು ಬಳಸುವ ಅಕ್ರಿಲಿಕ್, ಅದರಲ್ಲೂ ತೆಳುವಾಗಿ ಹರಿಯುವ ಬಗೆ. ಗೆರೆಗಳಿಗೆ ನೀರು ಆಧಾರಿತ ಪೇಂಟ್ ಮಾರ್ಕರ್. ಇವೆರಡೇ ಸಾಕು. ತೈಲವರ್ಣ ಒಣಗಲು ವಾರಗಟ್ಟಲೆ, ದಪ್ಪವಿದ್ದರೆ ತಿಂಗಳುಗಟ್ಟಲೆ ಬೇಕು, ಅಲ್ಲಿಯವರೆಗೆ ಅದರ ಮೇಲೆ ವಾರ್ನಿಷ್ ಹಾಕುವಂತಿಲ್ಲ. ಎನಾಮೆಲ್ ದಪ್ಪ. ಕನ್ನಡಿ ಚೂರು, ಹರಳು, ಉಬ್ಬುಪೇಸ್ಟ್ ಇವುಗಳ ಮೋಹವಿದ್ದರೆ ಹೆಡ್‌ಸ್ಟಾಕಿನಲ್ಲೇ ತೀರಿಸಿಕೊಳ್ಳಿ. ಮಿಂಚುವ ಫ್ಲೋರೊಸೆಂಟ್ ಬಣ್ಣಗಳು ಬೆಳಕಿಗೆ ಬೇಗ ಮಾಸುತ್ತವೆ. ಟ್ಯೂಬಿನ ಮೇಲೆ ಬೆಳಕು ತಾಳುವ ಗುಣದ ಗುರುತಿರುತ್ತದೆ. ಒಂದು ಅಥವಾ ಎರಡು ಎಂದಿದ್ದರೆ ಕೊಳ್ಳಿ.

ಬಟರ್ ಪೇಪರಿನ ಹಿಂಬದಿಗೆ ಸೀಮೆಸುಣ್ಣ ಉಜ್ಜಿ, ಮುಂದಿನಿಂದ ಗೆರೆಯ ಮೇಲೆ ತಿದ್ದಿದರೆ ಚಿತ್ರ ಇಳಿಯುತ್ತದೆ. ಕಾರ್ಬನ್ ಕಾಗದ ಬೇಡ, ಅದರ ಜಿಡ್ಡು ತಿಳಿಬಣ್ಣದ ಅಡಿಯಿಂದ ಇಣುಕುತ್ತದೆ. ಕಪ್ಪು ಅಥವಾ ಗಾಢ ಕಂದು ಗಿಟಾರಿನ ಮೇಲೆ ಹಳದಿ, ಕೆಂಪು ಏಳುವುದಿಲ್ಲ. ಅಡಿಗೆ ಬಿಳಿ ಬೇಕು. ಆದರೆ ಬಿಳಿಯನ್ನು ಇಡೀ ಹಲಗೆಗೆ ಬಳಿಯದೆ ಎಲೆ, ಹೂವಿನ ಆಕಾರದೊಳಗೆ ಮಾತ್ರ ತುಂಬಿ. ಅರ್ಧ ತೂಕ ಇಲ್ಲೇ ಉಳಿತಾಯವಾಗುತ್ತದೆ.

ಒಂದು ಎಲೆ ಬರೆಯುವ ಬಗೆ ಹೀಗೆ. ಚಪ್ಪಟೆ ಕುಂಚದಲ್ಲಿ ಬಣ್ಣ ತೆಗೆದುಕೊಂಡು ಅದರ ಎರಡೂ ಬದಿಯನ್ನು ತಟ್ಟೆಯ ಅಂಚಿಗೆ ಒರೆಸಿ, ಕುಂಚ ಒದ್ದೆಯಿರಬೇಕು, ಹನಿ ಇರಬಾರದು. ಬುಡದಿಂದ ತುದಿಗೆ ಒಂದೇ ಎಳೆತ. ಕೆಳಗಿನ ಬಿಳಿ ಇನ್ನೂ ಇಣುಕುತ್ತಿದ್ದರೆ ಇರಲಿ, ಮತ್ತೆ ಮತ್ತೆ ಅದರ ಮೇಲೆ ಕುಂಚ ಆಡಿಸಿದರೆ ಅರೆ ಒಣಗಿದ ಬಣ್ಣ ಕಿತ್ತು ಗಂಟು ಕಟ್ಟುತ್ತದೆ. ಅರ್ಧ ಗಂಟೆಯ ಬಳಿಕ ಎರಡನೆಯ ಎಳೆತ, ಈ ಸಲ ಎಲೆಯ ಅಂಚಿನವರೆಗೆ ಹೋಗದೆ ಒಂದು ಕೂದಲೆಳೆ ಒಳಗೇ ನಿಲ್ಲಲಿ. ಹೀಗೆ ಮಾಡಿದರೆ ಅಂಚು ಮೆಟ್ಟಿಲಾಗದೆ ಜಾರಿಕೊಂಡು ಮರದೊಳಗೆ ಸೇರುತ್ತದೆ, ಆಮೇಲೆ ವಾರ್ನಿಷ್ ಸಮ ಮಾಡುವಾಗ ಉಪ್ಪುಕಾಗದಕ್ಕೆ ಸಿಕ್ಕಿ ಕಿತ್ತುಹೋಗುವುದಿಲ್ಲ. ನರಗಳನ್ನು ಉದ್ದ ಕೂದಲಿನ ಸಣ್ಣ ಕುಂಚದಲ್ಲಿ ಕೊನೆಗೆ ಎಳೆಯಿರಿ. ಬೆರಳಾಡಿಸಿದಾಗ ಎಲೆ ಎಲ್ಲಿ ಶುರುವಾಯಿತು ಎಂದು ತಿಳಿಯದಿದ್ದರೆ ಪದರ ಸರಿಯಾದ ದಪ್ಪದಲ್ಲಿದೆ.

ಪಕ್ಕೆಗಳನ್ನು ಬರೆಯುವಾಗ ಗಿಟಾರನ್ನು ಎರಡು ದಪ್ಪ ಟವೆಲ್ ಸುರುಳಿಗಳ ನಡುವೆ ನಿಲ್ಲಿಸಿಕೊಳ್ಳಿ. ಒಣಗಿಸಲು ಬಿಸಿಲಿಗಾಗಲಿ ಹೇರ್ ಡ್ರೈಯರಿಗಾಗಲಿ ಒಡ್ಡಬೇಡಿ. ಬ್ರಿಡ್ಜನ್ನೂ ಒಳಗಿನ ಆಧಾರಪಟ್ಟಿಗಳನ್ನೂ ಹಿಡಿದಿರುವ ಅಂಟು ಬಿಸಿಗೆ ಮೆತ್ತಗಾಗುತ್ತದೆ.

ವಾರ್ನಿಷ್: ಅವಸರಗೇಡಿಗಳ ಪರೀಕ್ಷೆ

ಅಕ್ರಿಲಿಕ್ ಮುಟ್ಟಲು ಗಂಟೆಯಲ್ಲಿ ಒಣಗಿದಂತೆ ಅನಿಸಿದರೂ ಒಳಗೆ ನೀರು ಉಳಿದಿರುತ್ತದೆ. ಒಂದು ವಾರ ಕಾಯಿರಿ. ಕರಾವಳಿ, ಮಲೆನಾಡಿನ ಮಳೆಗಾಲವಾದರೆ ಎರಡು ವಾರ. ನಿಜ ಹೇಳಬೇಕೆಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಈ ಕೆಲಸವನ್ನೇ ಕೈಗೆತ್ತಿಕೊಳ್ಳದಿರುವುದು ಜಾಣತನ. ತೇವದ ಗಾಳಿಯಲ್ಲಿ ಲ್ಯಾಕರ್ ಸ್ಪ್ರೇ ಮಾಡಿದರೆ ಹಾಲು ಚೆಲ್ಲಿದಂಥ ಮಬ್ಬು ಕೂರುತ್ತದೆ.

ವಾರ್ನಿಷ್ ಇಲ್ಲದೆ ಬಿಡುವಂತಿಲ್ಲ. ಬರಿಯ ಅಕ್ರಿಲಿಕ್ ಬಿಸಿಗೆ ಮೆತ್ತಗಾಗಿ ತೋಳಿಗೆ, ಅಂಗಿಗೆ ಅಂಟುತ್ತದೆ. ನೀರು ಆಧಾರಿತ ಪಾಲಿಯುರೇಥೇನ್ ಅಥವಾ ಅಕ್ರಿಲಿಕ್ ಸ್ಪ್ರೇ ವಾರ್ನಿಷ್ ಸಾಕು. ಮೊದಲ ಎರಡು ಸಲ ದೂರದಿಂದ, ಮಂಜು ಬಿದ್ದಷ್ಟು ಮಾತ್ರ ಹೊಡೆಯಿರಿ. ಒದ್ದೆಯಾಗಿ ಹೊಡೆದರೆ ಅದರಲ್ಲಿನ ದ್ರಾವಕ ಮಾರ್ಕರ್ ಗೆರೆಗಳನ್ನು ಕರಗಿಸಿ ಹರಿಸುತ್ತದೆ. ಆಮೇಲೆ ಮೇಲ್ಹಲಗೆಗೆ ಇನ್ನೆರಡು ತೆಳು ಪದರ, ಹಿಂಬದಿಗೆ ಮತ್ತು ಮುಂಗೈ ಒರಗುವ ಅಂಚಿಗೆ ನಾಲ್ಕು. ಪದರಗಳ ನಡುವೆ 800 ಅಥವಾ 1000 ನಂಬರಿನ ಉಪ್ಪುಕಾಗದ ಹಗುರವಾಗಿ ಆಡಿಸಿ. ನೈಟ್ರೋಸೆಲ್ಯುಲೋಸ್ ಲ್ಯಾಕರನ್ನು ಅಕ್ರಿಲಿಕ್ ಮೇಲೆ ಹಾಕಬೇಡಿ. ಕೆಳಗಿನದು ಬಳುಕುತ್ತದೆ, ಮೇಲಿನದು ಬಿರುಸು, ಕೊನೆಗೆ ಬಿರುಕು ಬಿಡುತ್ತದೆ.

ಕಾರಿಗೆ ಬಣ್ಣ ಹೊಡೆಯುವ ಗ್ಯಾರೇಜಿಗೆ ಕೊಡುವ ಆಲೋಚನೆ ಹಲವರಿಗೆ ಬರುತ್ತದೆ. ಕನ್ನಡಿಯಂತೆ ಹೊಳೆಯುವುದೇನೋ ಸರಿ, ಆದರೆ ಅವರ ಅಳತೆ ಬಾನೆಟ್ಟಿನದು, ಗಿಟಾರಿನದಲ್ಲ. ಹಾರ್ಡನರ್ ಬೆರೆಸುವ ಆ ಟು-ಕೆ ಬಣ್ಣಗಳಲ್ಲಿ ಐಸೋಸಯನೇಟ್ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಮನೆಯಲ್ಲಂತೂ ಪ್ರಯೋಗ ಮಾಡಲೇಬೇಡಿ.

ಕೊನೆಯ ಪದರದ ಬಳಿಕ ಎರಡರಿಂದ ನಾಲ್ಕು ವಾರ ಗಿಟಾರನ್ನು ನೇತುಹಾಕಿ ಮರೆತುಬಿಡಿ. ಮೂಗು ಹತ್ತಿರ ಹಿಡಿದಾಗ ವಾಸನೆ ಬರುತ್ತಿದ್ದರೆ ಇನ್ನೂ ಆಗಿಲ್ಲ ಎಂದೇ ಅರ್ಥ.

ಮತ್ತೆ ತಂತಿ

ಕೀಗಳು, ಸ್ಯಾಡಲ್, ಪಿನ್ನುಗಳನ್ನು ಕೂಡಿಸಿ, ತಂತಿ ಹಾಕುವ ಮೊದಲು ತೂಗಿ ನೋಡಿ. ಬಳಿಕ ಹಿಂದೆ ಹಾಕಿದ್ದ ಅದೇ ಕಂಪನಿಯ ಅದೇ ಅಳತೆಯ ಹೊಸ ತಂತಿಗಳನ್ನು ಹಾಕಿ. ಬೇರೆ ಹಾಕಿದರೆ ವ್ಯತ್ಯಾಸ ಬಣ್ಣದ್ದೋ ತಂತಿಯದ್ದೋ ತಿಳಿಯದು. ಆರನ್ನೂ ಸ್ವಲ್ಪ ಸ್ವಲ್ಪ ಬಿಗಿಯುತ್ತಾ ಶ್ರುತಿಗೆ ತನ್ನಿ. ಒಂದು ದಿನ ಹಾಗೇ ಇಟ್ಟು, ಅದೇ ಕೋಣೆಯಲ್ಲಿ, ಮೊಬೈಲನ್ನು ಅಷ್ಟೇ ದೂರದಲ್ಲಿಟ್ಟು, ಅದೇ ಎರಡು ನಿಮಿಷ ನುಡಿಸಿ. ಹಳೆಯ ಧ್ವನಿಮುದ್ರಣದ ಪಕ್ಕದಲ್ಲಿಟ್ಟು ಕೇಳುವಾಗ ಗಮನವಿರಬೇಕಾದದ್ದು ಎರಡು ಕಡೆ: ಮೀಟಿದ ತಂತಿಯ ನಾದ ಎಷ್ಟು ಹೊತ್ತು ನಿಲ್ಲುತ್ತದೆ, ಮತ್ತು ತೆಳು ತಂತಿಗಳ ಮೊನಚು ಉಳಿದಿದೆಯೇ. ಹೆಚ್ಚಿನ ಬಣ್ಣ ಮೊದಲು ಕದಿಯುವುದು ಈ ಎರಡನ್ನೇ. ಮಂದ್ರ ತಂತಿಗಳಲ್ಲಿ ಅಷ್ಟು ತಿಳಿಯುವುದಿಲ್ಲ. ನಾದ ನಿಜಕ್ಕೂ ಮುಚ್ಚಿಕೊಂಡಿದೆ ಅನಿಸಿದರೆ ತಂತಿ ತೆಗೆದು, ಕೆಳಗಿನ ಉಬ್ಬಿನ ವಾರ್ನಿಷನ್ನು 1000 ನಂಬರಿನಿಂದ ತೆಳುವಾಗಿಸಿ, ಮತ್ತೆ ಕೇಳಿ.

ಆರೈಕೆಗೆ ಒಣ ಮೈಕ್ರೋಫೈಬರ್ ಬಟ್ಟೆಯೊಂದೇ ಸಾಕು. ಫ್ರೆಟ್‌ಬೋರ್ಡಿಗೆ ಹಾಕುವ ಎಣ್ಣೆಯನ್ನು ಚಿತ್ರದ ಮೇಲೆ ತಾಗಿಸಬೇಡಿ. ನಿಲ್ಲಿಸಿದ ಕಾರಿನಲ್ಲಿ, ಕಿಟಕಿಯ ಬಿಸಿಲಿನಲ್ಲಿ ಇಡಬೇಡಿ. ಕೋಣೆಯ ತೇವಾಂಶ 45ರಿಂದ 55 ಶೇಕಡಾ ಇದ್ದರೆ ಮರಕ್ಕೂ ಹಿತ, ಬಣ್ಣಕ್ಕೂ ಹಿತ. ಸ್ಟ್ಯಾಂಡಿನ ರಬ್ಬರ್ ಹೊಸ ವಾರ್ನಿಷ್‌ಗೆ ಅಂಟಿ ಕಲೆ ಮಾಡಬಹುದು, ಅದಕ್ಕೊಂದು ಹತ್ತಿ ಬಟ್ಟೆ ಸುತ್ತಿ. ಬಳಸಿದ ಬಣ್ಣಗಳ ಹೆಸರು, ವಾರ್ನಿಷ್ ಯಾವುದು, ತಿಂಗಳು, ವರ್ಷ ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಸೌಂಡ್‌ಹೋಲಿನೊಳಗೆ, ಕಂಪನಿಯ ಲೇಬಲ್ಲಿನ ಪಕ್ಕದಲ್ಲಿ ಅಂಟಿಸಿ. ಮುಂದೆ ಎಲ್ಲಾದರೂ ಚಕ್ಕೆ ಎದ್ದಾಗ ತೇಪೆ ಹಾಕುವವರು ನೀವಲ್ಲದೆ ಬೇರೆಯವರೂ ಆಗಿರಬಹುದು.